ದೂರಿನ ವಿಳಾಸ

"ಹೆಣ್ಮಕ್ಕಳ ದೂರಿಗೆ ಬೇರೆ ಇಮೇಲ್ ಇರ್ಲಿ ಮೇಡಂ. ಆದ್ರೆ ಬಂದಿದ್ದೆಲ್ಲ ಯಾರಿಗೂ ಗೊತ್ತಾಗ್ದಂಗೆ ನಂಗೂ ಬರ್ಬೇಕು," ಎಂದ ಪೀಣ್ಯದ ಪಂಪ್ ಕಾರ್ಖಾನೆಯ ಮಾಲೀಕ ನಂದೀಶ್. ಕಾರ್ಖಾನೆಗೆ ಹೊಸ ಇಮೇಲ್ ವ್ಯವಸ್ಥೆ ಮಾಡಿಕೊಡಲು ಹೊರಗಿನಿಂದ ಬಂದು, ಎಷ್ಟು ಲೈಸೆನ್ಸ್ ಬೇಕೆಂದು ಲೆಕ್ಕ ಹಾಕುತ್ತಿದ್ದ ಉಮಾಶ್ರೀ ತಲೆ ಎತ್ತಿದಳು. ಅಷ್ಟರಲ್ಲಿ ಆಫೀಸಿನ ಹುಡುಗಿ ಸ್ಫೂರ್ತಿ ಕಾಫಿ ತಂದಳು. ನಂದೀಶ್ ಲೋಟದ ಜೊತೆ ಅವಳ ಬೆರಳುಗಳನ್ನೂ ಹಿಡಿದುಕೊಂಡ. ಬೇಗ ಬಿಡಲಿಲ್ಲ.

ಉಮಾಶ್ರೀ ಲ್ಯಾಪ್‌ಟಾಪ್ ಮುಚ್ಚಿ ಎದ್ದಳು. "ಇದು ನನ್ ಕೈಲಾಗಲ್ಲ ಸಾರ್."

"ಬಿಡಿ, ಮಾಡ್ಕೊಡೋರು ಬೇಕಾದಷ್ಟು ಜನ ಇದಾರೆ," ಎಂದು ಅವನು ನಕ್ಕ. ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಹೋಗುವಾಗ ಸ್ಫೂರ್ತಿಯ ಮೇಜಿನ ಬಳಿ ಬಗ್ಗಿ, "ದೂರಿಗೆ ಅಂತ ಹೊಸ ಇಮೇಲ್ ಕೊಡ್ತಾರೆ. ಅದಕ್ಕೆ ಏನೂ ಬರೀಬೇಡಮ್ಮ," ಎಂದಳು.

ಸ್ಫೂರ್ತಿ ಮುಖ ಎತ್ತಲಿಲ್ಲ. "ಹಳೇ ಇಮೇಲ್‌ಗೆ ದೂರು ಬರ್ದಿದ್ದೆ ಮೇಡಂ. ಸಾರ್ ನನ್ನ ಒಳಗೆ ಕರೆದು, ಬಾಗ್ಲು ಹಾಕಿ, ಅದನ್ನ ನಂಗೇ ಓದಿ ಹೇಳಿದ್ರು."