ಮೂರಡಿ ಸಿಮೆಂಟು

"ಹೋಗಮ್ಮಾ ಅಜ್ಜಿ, ಒಂದೇ ಒಂದು ಸಲ. ನಿನ್ನ ದಮ್ಮಯ್ಯ!"

ಹಿತ್ತಲಲ್ಲಿ ನಿಂತು ಗಾರೆ ಮೇಸ್ತ್ರಿ ಮುದಿ ನಾಯಿಗೆ ಕೈಮುಗಿದ. ಆರೂವರೆಗೆ ಹೊರಗೆ ಬಂದವರು, ಈಗ ಏಳು ದಾಟಿತ್ತು. ಅಜ್ಜಿ ಅವನ ಮುಖ ನೋಡಿತು, ಆಕಾಶ ನೋಡಿತು. ಒದ್ದೆ ಹುಲ್ಲು ಕಾಲಿಗೆ ತಾಗಿದ್ದೇ ತಡ, ಯಾರೋ ಚಿವುಟಿದಂತೆ ಕಾಲು ಮೇಲಕ್ಕೆಳೆದುಕೊಂಡಿತು. ಮೇಸ್ತ್ರಿ ಸೋತು ಬಾಗಿಲು ತೆರೆದ. ಅಜ್ಜಿ ಒಳಗೋಡಿ, ಅಡುಗೆಮನೆ ದಾಟಿ, ಬಚ್ಚಲ ಬಾಗಿಲ ಪಕ್ಕ ಕುಕ್ಕರಿಸಿ, ಅರ್ಧ ಕಣ್ಣು ಮುಚ್ಚಿ ಉಚ್ಚೆ ಹೊಯ್ದುಬಿಟ್ಟಿತು. ಆ ಹೊಳೆ ಸೀದಾ ಹೊಲಿಗೆ ಮೆಷಿನ್ನಿನ ಕಡೆಗೆ ಹೊರಟಿತು. ಮೇಸ್ತ್ರಿಯ ಹೆಂಡತಿ ಗಿರಾಕಿಯೊಬ್ಬರ ಪರದೆ ಬಟ್ಟೆಯನ್ನು ಬಾಚಿ ಎತ್ತಿಕೊಳ್ಳುವಾಗ ಉಳಿದಿದ್ದು ಒಂದು ಗೇಣು ಅಂತರ.

"ಇವತ್ತಿಗೆ ಎರಡು ವಾರ ಆಯ್ತು ರೀ. ಈ ಭಾನುವಾರದ ತನಕ ನೋಡ್ತೀನಿ. ಆಮೇಲೆ ಎಲ್ಲಿಂದ ತಂದ್ರೋ ಅಲ್ಲಿಗೇ ಬಿಟ್ಟು ಬನ್ನಿ."

"ಅಲ್ಲಿ ಏನಿದೆ ಬಿಡೋಕೆ? ಶೆಡ್ಡೇ ಕೆಡವಿ ಆಯ್ತು. ಬೀದಿಗೆ ಬಿಡಬೇಕಷ್ಟೆ."

ಒಂಬತ್ತು ವರ್ಷ ಅಜ್ಜಿ ಒಂದು ಲಾರಿ ಶೆಡ್ಡಿನ ಕಾವಲಿಗಿತ್ತು. ಶೆಡ್ಡು ಕೆಡವಿದ ದಿನ, ಎಲ್ಲರೂ ಹೊರಟ ಮೇಲೂ ಅದು ಇಲ್ಲದ ಗೇಟಿನ ಮುಂದೆ ಕೂತೇ ಇತ್ತು. ಕೆಡವುವ ಕೆಲಸಕ್ಕೆ ಹೋಗಿದ್ದ ಮೇಸ್ತ್ರಿ ತಡೆಯಲಾಗದೆ ಮನೆಗೆ ಕರೆತಂದಿದ್ದ. ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸವೆಸಿದ್ದ ಪಕ್ಕದ ಮನೆಯ ಕಾಂಪೌಂಡರು ಬಂದು, ಮನೆಯೊಳಗೆ ಒಂದು ಮರದ ಗೂಡು ಮಾಡಲು ಹೇಳಿದರು. "ಎದ್ದು ನಿಂತು, ಸುತ್ತ ತಿರುಗಿ, ಕಾಲು ಚಾಚಿ ಮಲಗೋಕೆ ಆದ್ರೆ ಸಾಕು, ಅರಮನೆ ಕಟ್ಟಬೇಡ. ತಾನು ಮಲಗೋ ಜಾಗಾನ ನಾಯಿ ಹೊಲಸು ಮಾಡ್ಕೊಳ್ಳಲ್ಲ. ಗೂಡಿಂದ ಎಬ್ಬಿಸಿದವನು ಸೀದಾ ಹಿತ್ತಲಿಗೆ ಕರ್ಕೊಂಡು ಹೋಗು." ಮೇಸ್ತ್ರಿ ಹಳೇ ಸೆಂಟ್ರಿಂಗ್ ಹಲಗೆಗಳಲ್ಲಿ ಗೂಡು ಮಾಡಿದ. ನಾಲ್ಕು ದಿನ ಅಜ್ಜಿ ಅದರ ಹತ್ತಿರವೂ ಸುಳಿಯಲಿಲ್ಲ. ಐದನೇ ದಿನ ಮೇಸ್ತ್ರಿ ತನ್ನ ಕೆಲಸದ ಅಂಗಿಯನ್ನು ಒಳಗೆ ಹಾಸಿದ. ಅಜ್ಜಿ ಮೂಸಿ ಮೂಸಿ ತಾನೇ ಒಳಹೊಕ್ಕು ಗೊರಕೆ ಹೊಡೆಯಿತು. ಅಂದಿನಿಂದ ಗೂಡು ಒಂದು ಹನಿಯೂ ನೆಂದಿಲ್ಲ. ಹಿತ್ತಲಿನ ಪಾಠಕ್ಕೆ ಮಾತ್ರ ದೊಡ್ಡ ಸೊನ್ನೆ.

ಬೈದುಕೊಳ್ಳುತ್ತಲೇ ಫಿನಾಯಿಲ್ ಹಾಕಿ ಒರೆಸುತ್ತಿದ್ದ ಹೆಂಡತಿಯ ಕೈ ಥಟ್ಟನೆ ನಿಂತಿತು. ಇಡೀ ಮನೆಗೆ ನುಣುಪಾದ ಟೈಲ್ಸ್. ಬಚ್ಚಲ ಬಾಗಿಲ ಪಕ್ಕ ಎರಡು ಟೈಲ್ಸ್ ಒಡೆದ ಜಾಗದಲ್ಲಿ ಮಾತ್ರ, 'ಸದ್ಯಕ್ಕೆ ಇರಲಿ' ಎಂದು ಮೇಸ್ತ್ರಿ ಮೂರು ವರ್ಷದ ಹಿಂದೆ ಮೆತ್ತಿದ್ದ ಒರಟು ಸಿಮೆಂಟು. ಎರಡು ವಾರದಿಂದ ಅಜ್ಜಿ ದಿನಾ ಹೊಯ್ಯುತ್ತಿದ್ದದ್ದೂ ಅಲ್ಲೇ.

"ರೀ, ಆ ಶೆಡ್ಡಲ್ಲಿ ನೆಲ ಎಂಥದ್ದು?"

"ಸಿಮೆಂಟು."

"ಹೊರಗೆ ಅಂಗಳ?"

"ಅದೂ ಸಿಮೆಂಟೇ. ಹತ್ತು ವರ್ಷದ ಹಿಂದೆ ನಾನೇ ಹಾಕಿದ್ದಲ್ವಾ. ಒಂದಿಂಚು ಮಣ್ಣು ಕಾಣಬಾರದು ಅಂದಿದ್ರು. ಹುಡುಕಿದ್ರೂ ಸಿಗದ ಹಾಗೆ ಹಾಕಿದ್ದೆ." ಹೆಮ್ಮೆಯಿಂದ ಶುರುವಾದ ಅವನ ಮಾತು ಕೊನೆಗೆ ಬರುವಷ್ಟರಲ್ಲಿ ತಾನಾಗಿಯೇ ಸಣ್ಣಗಾಯಿತು. ಗೂಡಿನೊಳಗೆ ಅವನ ಅಂಗಿಯ ಮೇಲೆ ಗಲ್ಲವೂರಿ ಅಜ್ಜಿ ಇಬ್ಬರನ್ನೂ ನೋಡುತ್ತಿತ್ತು.

"ಹಾಗಾದ್ರೆ ಅದು ತಪ್ಪು ಮಾಡ್ತಾನೇ ಇಲ್ಲ ಕಣ್ರೀ! ಅದಕ್ಕೆ ಗೊತ್ತಿರೋ ಕಕ್ಕಸು ಇಡೀ ಮನೇಲಿ ಇದೊಂದೇ." ಹೆಂಡತಿ ನೆಲದ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒರೆಸುವ ಬಟ್ಟೆ ಬಕೆಟ್ಟಿಗೆಸೆದು ಎದ್ದಳು. "ಏಳಿ, ಕರಣೆ ತಗೊಳ್ಳಿ."

ಅವತ್ತು ಮೇಸ್ತ್ರಿ ಕೆಲಸಕ್ಕೆ ಹೋಗಲಿಲ್ಲ. ಹಿತ್ತಲ ನಡುವೆ ಮೂರಡಿಗೆ ಮೂರಡಿ ಸಿಮೆಂಟು ಹಾಕಿದ. ಅದು ಗಟ್ಟಿಯಾಗುವ ತನಕ ಮೂರು ದಿನ ಮನೆಯಲ್ಲಿ ಫಿನಾಯಿಲ್ ಹರಿಯಿತು. ನಡುವೆ ಭಾನುವಾರ ಬಂದು ಹೋಯಿತು. ಯಾರೂ ಆ ಮಾತೆತ್ತಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಜ್ಜಿ ಗೂಡಿನಿಂದೆದ್ದು ಹೊರಗೆ ಬಂದು, ಸಿಮೆಂಟಿನ ಅಂಚು ಮೂಸಿ, ಮೇಲೆ ಹತ್ತಿ, ಎರಡು ಸುತ್ತು ತಿರುಗಿ ಕುಕ್ಕರಿಸಿತು. ಗಂಡ ಹೆಂಡತಿ ಉಸಿರು ಬಿಗಿಹಿಡಿದು ನಿಂತರು. ಮರುಕ್ಷಣ ಇಬ್ಬರೂ ಕೂಗಿದ ಕೂಗಿಗೆ ಕಾಂಪೌಂಡರು ಗೋಡೆಯ ಮೇಲಿಂದ ಇಣುಕಿದರು. "ಏನ್ರಯ್ಯಾ, ಗಂಡೋ ಹೆಣ್ಣೋ?"

"ಹೋಯ್ತು ಸಾರ್, ಹೋಯ್ತು!" ಎಂದು ಮೇಸ್ತ್ರಿ ಅಜ್ಜಿಯ ಬಾಯಿಗೆ ಬಿಸ್ಕತ್ತು ತುರುಕಿದ. ಅದೇ ಸಂಜೆ ಬಚ್ಚಲ ಪಕ್ಕ ಹೊಸ ಟೈಲ್ಸ್ ಕೂತವು. "ಮೂರು ವರ್ಷ ನಾನು ಬಾಯಿ ಬಡ್ಕೊಂಡೆ. ಅಜ್ಜಿ ಎರಡೇ ವಾರದಲ್ಲಿ ಮಾಡಿಸಿಬಿಟ್ಟಳು," ಎಂದಳು ಹೆಂಡತಿ.

ಆಮೇಲೆ, ಅಜ್ಜಿಗೆ ಮಣ್ಣು ರೂಢಿಯಾಗಲೆಂದು, ಪ್ರತಿ ವಾರ ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ತಾನೇ ಹಾಕಿದ ಸಿಮೆಂಟಿನ ಅಂಚನ್ನು ನಾಲ್ಕು ಬೆರಳಿನಷ್ಟು ಒಡೆದು ತೆಗೆದ. ಮೂರಡಿ ಎರಡಾಯಿತು, ಎರಡು ಒಂದಾಯಿತು. ಎರಡು ತಿಂಗಳಲ್ಲಿ ಊಟದ ತಟ್ಟೆಯಷ್ಟು ಉಳಿಯಿತು. ಮುಂಗಾಲು ಮಣ್ಣಿನಲ್ಲಿದ್ದರೂ ಹಿಂಗಾಲೆರಡನ್ನೂ ಅಜ್ಜಿ ಆ ತಟ್ಟೆಯ ಮೇಲೆಯೇ ಜೋಡಿಸುತ್ತಿತ್ತು. ಒಂದು ಬೆಳಿಗ್ಗೆ, ತುಂತುರು ಬಿದ್ದು ನಿಂತಿತ್ತು. ಅಜ್ಜಿ ತಟ್ಟೆಯನ್ನು ದಾಟಿ ಗೋಡೆಯ ಬುಡದ ಕೆಂಪು ಮಣ್ಣಿಗೆ ಹೋಯಿತು. ಕೆಲಸ ಮುಗಿಸಿ ಮಣ್ಣು ಮೂಸಿತು. ಹಿಂಗಾಲಿನಿಂದ ಒಮ್ಮೆ ಮೆಲ್ಲಗೆ ಕೆರೆಯಿತು. ಏನೋ ಹಾರಿದ್ದು ಕಂಡು ಹಿಂತಿರುಗಿ ನೋಡಿತು. ಮತ್ತೆ ಕೆರೆಯಿತು. ಆಮೇಲೆ ನಾಲ್ಕೂ ಕಾಲಿನಿಂದ, ಬಾಲ ತಿರುಗಿಸುತ್ತಾ, ಹುಚ್ಚು ಹಿಡಿದಂತೆ ಕೆರೆಯಿತು. ಮಣ್ಣಿನ ಹೆಂಟೆಯೊಂದು ಹಾರಿ ಬಂದು ಮೆಟ್ಟಿಲ ಮೇಲೆ ಕೂತಿದ್ದ ಮೇಸ್ತ್ರಿಯ ಕಾಫಿ ಲೋಟದೊಳಗೆ ಬುಳಕ್ಕೆಂದಿತು.

"ಏಯ್!" ಎಂದು ಅವನು ಏಳಹೋದ. ಹೆಂಡತಿ ಅವನ ಭುಜ ಒತ್ತಿ ಕೂರಿಸಿ, ಲೋಟ ಕಸಿದುಕೊಂಡಳು.

"ಬೇರೆ ಕಾಫಿ ತರ್ತೀನಿ, ಕೂತ್ಕೊಳ್ಳಿ. ಒಂಬತ್ತು ವರ್ಷ ಸಿಮೆಂಟು ಕೆರೆದ್ರೂ ಒಂದು ಚೂರು ಮಣ್ಣೂ ಎದ್ದಿರಲಿಲ್ಲ ಅದಕ್ಕೆ."