ಹಗ್ಗದ ಮೇಲಿನ ಲುಂಗಿ

"ಡಬ್ಬದಲ್ಲೇನಮ್ಮ?" ಬರ್ಮಾದ ಚಿಂದ್ವಿನ್ ನದಿಯ ದೋಣಿಕಟ್ಟೆಯಲ್ಲಿ ಸಿಪಾಯಿ ತಡೆದ.

"ಉಟ್ಟು ಬಿಟ್ಟ ಲುಂಗಿ. ನಂದೂ ಇದೆ, ನಮ್ಮಮ್ಮಂದೂ ಇದೆ. ಎತ್ತಿ ನೋಡಪ್ಪ, ನಾಚ್ಕೆ ಯಾಕೆ?" ಎಂದಳು ನರ್ಸ್ ಮ್ಯಾ ಸೀನ್.

ಸಿಪಾಯಿ ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಹೆಂಗಸಿನ ಲುಂಗಿ ಮುಟ್ಟಿದರೆ, ಅದರ ಕೆಳಗೆ ನಡೆದರೆ ಗಂಡಸಿನ ತೇಜಸ್ಸು ಹೋಗುತ್ತದೆ. ಇದು ಅಲ್ಲಿ ಹಾಲುಗಲ್ಲದ ಹುಡುಗನಿಗೂ ಗೊತ್ತು. "ಥೂ! ತಗೊಂಡು ಹೋಗಮ್ಮ ಅತ್ಲಾಗೆ!"

ಲುಂಗಿಗಳ ಅಡಿಯಲ್ಲಿ ಐಸು. ಐಸಿನ ನಡುವೆ, ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಾರದಂತೆ ಹುಡುಗಿಯರಿಗೆ ಹಾಕುವ ಲಸಿಕೆ. ದೇಶದ ಹುಡುಗಿಯರಿಗೆಲ್ಲ ಅದು ಸಿಗಬೇಕೆಂದು ಕಾನೂನೇ ಇತ್ತು. ದೇಶ ಆಳುವ ಸೈನ್ಯದ ವಿರುದ್ಧ ಬಂಡೆದ್ದ ಆಚೆ ದಡದ ಹಳ್ಳಿಗಳಿಗೆ ಮಾತ್ರ ಆ ಕಾನೂನು ಹೊಳೆ ದಾಟಿ ಹೋಗುತ್ತಿರಲಿಲ್ಲ.

ಆಚೆ ಊರಿನ ಬೌದ್ಧ ವಿಹಾರದ ಶಾಲೆಯಲ್ಲಿ ಹುಡುಗಿಯರು ಕಾಯುತ್ತಿದ್ದರು. ಮ್ಯಾ ಸೀನ್ ಅಂಗಳದಲ್ಲಿ ಡಬ್ಬದ ಮೇಲಿನ ಲುಂಗಿಗಳನ್ನು ತೆಗೆಯುತ್ತಿದ್ದಂತೆ, ಬಂಡುಕೋರರ ಮುಖಂಡ ಫೋ ಥೌಂಗ್ ಬಾಗಿಲಿಗೆ ಅಡ್ಡ ನಿಂತ. ಆರೆಂಟು ತಿಂಗಳ ಹಿಂದೆ ಅವನ ಹೆಂಡತಿಯನ್ನು ತಿಂದದ್ದು ಇದೇ ಕಾಯಿಲೆ.

"ನರ್ಸಮ್ಮ, ಲುಂಗಿ ಕೆಳಗಿಟ್ಟು ತಂದ ಔಷಧಿ ಬುದ್ಧನ ಎದುರಿಗೆ ಬೇಡ."

"ಆಚೆ ದಡದ ಸಿಪಾಯೀನೂ ಹೀಗೇ ಮುಖ ಸಿಂಡರಿಸಿದ. ಇಷ್ಟು ಒಗ್ಗಟ್ಟಿರೋರು ಬಡಿದಾಡೋದು ಯಾತಕ್ಕಣ್ಣಾ?"

ಅವನು ಕದಲಲಿಲ್ಲ. ಐಸು ಕರಗುತ್ತಿತ್ತು, ಅದು ಪೂರ್ತಿ ಕರಗಿದರೆ ಲಸಿಕೆ ಕೆಟ್ಟಂತೆ. ಮ್ಯಾ ಸೀನ್ ಅಂಗಳದ ಎರಡು ಹುಣಸೆಮರಕ್ಕೆ ಹಗ್ಗ ಕಟ್ಟಿ, ಅದೇ ಲುಂಗಿಗಳನ್ನು ಸಾಲಾಗಿ ಇಳಿಬಿಟ್ಟು, ಅವುಗಳ ಮರೆಗೆ ಡಬ್ಬ ಎಳೆದುಕೊಂಡು ಕೂತಳು. "ಬುದ್ಧ ಒಳಗಿರಲಿ. ನೀವು ಬನ್ರೇ ಇಲ್ಲಿಗೆ!"

ತಾಯಂದಿರು ಕಿಸಕ್ಕನೆ ನಕ್ಕರು. ಗಂಡಸರು ಬೇಲಿಯಾಚೆ ಓಡಿದರು. ಹುಡುಗಿಯರು ಒಬ್ಬೊಬ್ಬರಾಗಿ ಹಗ್ಗದಡಿ ನುಸುಳಿ ತೋಳೊಡ್ಡಿದರು.

ಕೊನೆಗೆ ಉಳಿದವಳು ಫೋ ಥೌಂಗನ ಮಗಳು ಝಿನ್ ವಾ. ಸೂಜಿಗೆ ಹೆದರಿ ಹಗ್ಗದ ಈಚೆಗೇ ನಿಂತಿದ್ದಳು.

"ಹೋಗವ್ವ," ಎಂದ ಅಪ್ಪ, ದೂರದಿಂದಲೇ.

"ನೀನೂ ಬಾ."

"ನಾನು ಅಲ್ಲಿಗೆ ಬರೋ ಹಂಗಿಲ್ಲ, ಕಣೇ."

"ಅಮ್ಮನ ಜೊತೆಗೂ ನೀನು ಆಸ್ಪತ್ರೆ ಬಾಗಿಲ ತನಕಾನೇ ಬಂದೆ."

ಫೋ ಥೌಂಗ್ ಹೆಗಲ ಬಂದೂಕನ್ನು ಮರಕ್ಕೊರಗಿಸಿದ. ಬಂದು ಮಗಳ ಕೈ ಹಿಡಿದ. ಎತ್ತರದ ಆಳು, ಎಷ್ಟು ಬಗ್ಗಿದರೂ ಮ್ಯಾ ಸೀನಳ ಅಮ್ಮನ ಹಳೇ ಲುಂಗಿಯ ಅಂಚು ಅವನ ತಲೆ ಸವರಿತು.