ಮೇಲಿನ ಮೆಟ್ಟಿಲು

"ಸಾ, ಈ ಮ್ಯಾಲಿನ್ ಮೆಟ್ಲಲ್ಲಿ ದಿನಾ ನಿಂತ್ಕಳೋರು ಯಾರು?"

ಯಳಂದೂರಿನಿಂದ ಕರೆಸಿದ್ದ ಮರಗೆಲಸದ ಗೋವಿಂದಯ್ಯ ಹೀಗೆ ಕೇಳಿದಾಗ ಅತಾವುಲ್ಲಾ ಫೋನಿನಿಂದ ತಲೆ ಎತ್ತಲಿಲ್ಲ. ಇಳಿಹೊತ್ತಿನ ಅಸರ್ ನಮಾಜು ಮುಗಿದು ಮಸೀದಿ ಖಾಲಿಯಾಗಿತ್ತು. ಶುಕ್ರವಾರದ ಪ್ರವಚನಕ್ಕೆ ಇಮಾಮರು ಹತ್ತಿ ನಿಲ್ಲುವ ಮಿಂಬರ್ ಎಂಬ ಮೂರು ಮೆಟ್ಟಿಲಿನ ಮರದ ಪೀಠವನ್ನು ಭದ್ರ ಮಾಡಿಸಬೇಕಿತ್ತು, ಅದೂ ಇವತ್ತೇ.

"ಯಾರೂ ನಿಲ್ಲಲ್ಲ. ಇಮಾಮರು ನಿಲ್ಲೋದು ಎರಡನೇದ್ರಲ್ಲಿ. ಯಾಕೆ?"

"ಸವ್ದೋಗೈತಲ್ಲ ಸಾ! ಕೆಳ್ಗಿನವೆಲ್ಡೂ ನೆಟ್ಗವೆ. ಇದೊಂದೇ ಗುಳಿ ಬಿದ್ದೈತೆ, ಎಲ್ಡು ಪಾದದಷ್ಟು. ಕಾಲು ಬೀಳ್ದೆ ಮರ ಇಂಗೆ ಸವೆಯಾಕಿಲ್ಲ ಕಣ್ರಿ."

ಅತಾವುಲ್ಲಾ ಎದ್ದು ಬಂದು ನೋಡಿದ. ಗುಳಿ ಇದ್ದದ್ದು ನಿಜ. ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಪ್ಯಾರೆಜಾನ್ ಸಾಬರತ್ತ ತಿರುಗಿ, "ಏನ್ ಚಾಚಾ, ಯಾರೂ ಇಲ್ದಾಗ ನೀವೇ ಹತ್ತಿ ಭಾಷಣ ಮಾಡ್ತೀರೇನು?" ಎಂದು ನಕ್ಕ. ಐದು ಹೊತ್ತು ಆಜಾನ್ ಕೂಗಿ, ಮಸೀದಿ ಹಿಂದಿನ ಕೋಣೆಯಲ್ಲೇ ನಲವತ್ತು ವರ್ಷ ಕಳೆದ ಮುದುಕರ ಮುಖ ಸಣ್ಣದಾಯಿತು. "ಅದನ್ನ ಒರೆಸೋದೂ ನಾನು ಕೆಳಗೆ ನಿಂತೇ," ಎಂದರು.

ಅತಾವುಲ್ಲಾನಿಗೆ ಇದನ್ನೆಲ್ಲ ಕೇಳುವ ಪುರುಸೊತ್ತಿರಲಿಲ್ಲ. ರೇಷ್ಮೆ ನೂಲು ತೆಗೆಯುವ ಮಿಷಿನ್‌ಗಳಿಂದ ನಾಲ್ಕು ಕಾಸು ಕಂಡು ಜಮಾತಿನ ಅಧ್ಯಕ್ಷನಾಗಿದ್ದವನಿಗೆ ಈಗ ಚುನಾವಣೆಯ ಟಿಕೆಟ್ ಬೇಕಿತ್ತು. ಎರಡು ಸಲ ಕೇಳಿದ್ದ. ಎರಡು ಸಲವೂ "ನಿಮ್ಮ ಜನ ನಿಮ್ಮ ಮಾತು ಕೇಳ್ತಾರಾ?" ಅಂತ ಕೇಳಿ ಕಳಿಸಿದ್ದರು. ನಾಳೆ ಪಾರ್ಟಿಯ ದೊಡ್ಡವರು ಕೊಳ್ಳೇಗಾಲದಿಂದ ಬರುತ್ತಿದ್ದಾರೆ. ಶುಕ್ರವಾರದ ಜುಮ್ಮಾ ನಮಾಜು ಮುಗಿದೊಡನೆ ತಾನು ಮಿಂಬರ್ ಹತ್ತಿ, ಮುನ್ನೂರು ಜನ ಯಾರಿಗೆ ಓಟು ಹಾಕಬೇಕೆಂದು ಅಪ್ಪಣೆ ಕೊಡುವುದನ್ನು ಅವರೇ ಕಣ್ಣಾರೆ ನೋಡಲಿ. ಇರುವ ತೊಡಕು ಒಂದೇ, ದೇವರು ಆಸೆಯನ್ನು ಉದ್ದ ಕೊಟ್ಟು ಆಳನ್ನು ಗಿಡ್ಡ ಮಾಡಿದ್ದ. ಎರಡನೇ ಮೆಟ್ಟಿಲಲ್ಲಿ ನಿಂತರೆ ಹಿಂದಿನ ಸಾಲಿಗೆ ಕಾಣುವುದು ಅವನ ಟೋಪಿ ಮಾತ್ರ. "ನಾಳೆ ನಾನು ನಿಲ್ಲೋದು ಮೇಲಿನದ್ರಲ್ಲೇ, ಆ ಹಲಗೆ ಬದಲಾಯಿಸು," ಎಂದು ಗೋವಿಂದಯ್ಯನಿಗೆ ಹೇಳಿದ.

"ಅಲ್ಲಿ ಬ್ಯಾಡಿ ಸಾಹೇಬ್ರೇ," ಎಂದರು ಪ್ಯಾರೆಜಾನ್ ಸಾಬರು. "ಪೈಗಂಬರರು ನಿಂತಿದ್ದು ಮೇಲಿನ ಮೆಟ್ಲಲ್ಲಿ. ಅವರಾದ್ಮೇಲೆ ಬಂದ ಖಲೀಫರು ಒಂದು ಮೆಟ್ಲು ಕೆಳಗೆ ನಿಂತ್ರು. ಅಷ್ಟು ದೊಡ್ಡ ರಾಜ್ಯ ಆಳ್ದೋರು! ಅದಕ್ಕೇ ನಮ್ಮ ಹಿರೀಕರು ಇದನ್ನ ಖಾಲಿ ಬಿಟ್ರು. ರಾಜ್ಯ ಅನ್ನೋದು ಅಲ್ಲಾಂದು. ಮನುಷ್ಯನ ಕೈಗೆ ಬಂದ್ರೆ ಅದು ಅಮಾನತ್ತು, ಜೋಪಾನ ಮಾಡಿ ವಾಪಸ್ ಕೊಡೋ ಹೊರೆ. ಹೊತ್ಕೋತೀರಾ ಅಂತ ಕೇಳಿದ್ರೆ ಬೆಟ್ಟಗಳೇ ಒಲ್ಲೆ ಅಂದ್ವಂತೆ."

"ಖಾಲಿ ಇರೋ ಜಾಗ ಹತ್ತಿದೋನದು ಚಾಚಾ. ಸರಿ ಬರ್ದಿದ್ರೆ ಕೋಣೆ ಬೀಗದಕೈ ಕೊಟ್ಟು ಹೊರಡಿ."

ಮುದುಕರು ಉಡಿದಾರಕ್ಕೆ ಕಟ್ಟಿಕೊಂಡಿದ್ದ ಬೀಗದಕೈ ಬಿಚ್ಚಿ ಕೆಳಗಿನ ಮೆಟ್ಟಿಲ ಮೇಲಿಟ್ಟರು. ಆಮೇಲೆ ಮೆತ್ತಗೆ, "ಖಾಲಿ ಬಿಟ್ಟಿದ್ದೀವಿ ಅಂದೆ. ಖಾಲಿ ಇದೆ ಅನ್ಲಿಲ್ಲ," ಎಂದರು.

ಗೋವಿಂದಯ್ಯ ಇಬ್ಬರ ನಡುವೆ ಬಾಯಿ ಹಾಕದೆ ಸವೆದ ಹಲಗೆಯನ್ನು ಕಿತ್ತ. ಹೆಬ್ಬೆರಳಿನಷ್ಟು ದಪ್ಪದ ಹೊಸ ತೇಗದ ಹಲಗೆ ಕೂರಿಸಿ, ಹಿಡಿದುಕೊಳ್ಳಲು ಕಟಕಟೆ ಬಡಿದ. ಹಲಗೆ ಸಮವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿದ. ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು. ಆಮೇಲೆ ಮಿಂಬರಿನ ಪಕ್ಕದ ಹಲಗೆ ಬಿಚ್ಚಿ, ಟಾರ್ಚು ಹಿಡಿದು, ಮೆಟ್ಟಿಲುಗಳ ಅಡಿಗೆ ಅಂಗಾತ ತೂರಿಕೊಂಡ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ.

"ಒಂದ್ಸಲ ಅತ್ತಿ ನಿಂತ್ಕಳಿ ಸಾ. ಭಾರ ತಡೀತದಾ ನೋಡ್ಬುಡ್ತೀನಿ."

ಅತಾವುಲ್ಲಾ ಒಂದು ಹತ್ತಿದ, ಎರಡು ಹತ್ತಿದ. ಮೂರನೆಯದಕ್ಕೆ ಎತ್ತಿದ ಕಾಲನ್ನು ಯಾಕೋ ಅರೆಗಳಿಗೆ ಹಾಗೇ ಹಿಡಿದ. ಟಿಕೆಟ್ಟನ್ನು ನೆನೆದು ಕಾಲಿಟ್ಟೇಬಿಟ್ಟ. ಹಲಗೆ ಬೆಚ್ಚಗಿತ್ತು. ಪಶ್ಚಿಮದ ಗೋಡೆಯ ನೆರಳಿನಲ್ಲಿ ಆ ಹೊತ್ತಿಗೆ ಬಿಸಿಲಿನ ಮಾತೇ ಇಲ್ಲ. ಯಾರೋ ಬಹಳ ಹೊತ್ತಿನಿಂದ ನಿಂತಿರುವ ಜಾಗದಂತೆ ಬೆಚ್ಚಗಿತ್ತು. ಇಬ್ಬರು ನಿಲ್ಲುವಷ್ಟು ಅಗಲದ ಮೆಟ್ಟಿಲಲ್ಲಿ ಅವನ ಹಿಮ್ಮಡಿಗೆ ಜಾಗ ಸಿಗಲಿಲ್ಲ. ಕೊಳ್ಳೇಗಾಲದ ಬಸ್ಸಿನಲ್ಲಿ ಪಕ್ಕದವರು ಒಂದಿಂಚೂ ಸರಿಯದೆ ನಿಂತಾಗ ಆಗುವಂಥದೇ ಇಕ್ಕಟ್ಟು. ನಾಳೆಯ ಮಾತನ್ನು ಒಮ್ಮೆ ಆಡಿ ನೋಡೋಣವೆಂದು "ನನ್ನ ಜನ..." ಎಂದ. ಮಾತನ್ನು ಅಲ್ಲಿಗೇ ಬಿಟ್ಟು, ಕಟಕಟೆ ಹಿಡಿದು ಸದ್ದಿಲ್ಲದೆ ಇಳಿದ. ಹೆದರಿದ್ದ, ಚೆನ್ನಾಗಿಯೇ ಹೆದರಿದ್ದ. ನೆಲ ಮುಟ್ಟಿದ ಮೇಲೆ ತನಗೇ ಗೊತ್ತಿಲ್ಲದೆ ಪ್ಯಾರೆಜಾನ್ ಸಾಬರ ತೋಳು ಹಿಡಿದುಕೊಂಡ.

ಮಿಂಬರಿನೊಳಗೆ ಮರ ಕಿರ್ರೆಂದಿತು.

"ಸಾಕು ಇಳೀರಿ ಸಾ," ಅಡಿಯಿಂದ ಗೋವಿಂದಯ್ಯನ ದನಿ ಬಂತು. "ಮ್ಯಾಲಿನ್ ಅಲ್ಗೆ ಬಗ್ತಾ ಐತೆ."

ಅತಾವುಲ್ಲಾ ಮೇಲೆ ನೋಡಿದ. ಕಟಕಟೆ, ಹೊಸ ಹಲಗೆ, ಅದರ ಹಿಂದೆ ಸುಣ್ಣದ ಗೋಡೆ. ಮರ ಇನ್ನೊಮ್ಮೆ ಕಿರ್ರೆಂದಿತು. ಪ್ಯಾರೆಜಾನ್ ಸಾಬರು ಕಣ್ಣು ಕೆಳಗೆ ಮಾಡಿದರು.

"ಇಳೀರಿ ಅಂತ ಅಷ್ಟೊತ್ತಿಂದ ಬಡ್ಕತಾ ಇವ್ನಿ," ಎಂದು ಗೋವಿಂದಯ್ಯ ಒಳಗಿನಿಂದ ಕೂಗಿದ. "ಇನ್ನೂ ಅಲ್ಲೇ ನಿಂತಿದ್ದೀರಲ್ಲ ಸಾ!"